ವಿಶ್ವವಿದ್ಯಾಲಯದ ದೇಣಿಗೆ ಕಾಲ್ ಸೆಂಟರ್: ಹಾಜರಿ ನಿಯಮ ಇಷ್ಟು ಬಿಗಿ ಯಾಕೆ?

ಕಡಲಾಚೆ:
ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕ್ಯಾಂಪಸ್ ಕೆಲಸ ಇರುತ್ತಲ್ಲ, ಫೋನಥಾನ್, ಅದಕ್ಕೆ ಸೇರುವಾಗ ಸಹಿ ಹಾಕಿಸಿಕೊಳ್ಳುವ ಹಾಜರಿ ಒಪ್ಪಂದದ ಬಗ್ಗೆ ತಿಳಿದವರು ಬಿಡಿಸಿ ಹೇಳಿ. ಪತ್ರದಲ್ಲಿ ಇರೋದು ಇಷ್ಟು: ಭಾನುವಾರದಿಂದ ಗುರುವಾರದವರೆಗೆ ಸಂಜೆ 6ರಿಂದ 9. ವಾರಕ್ಕೆ ಕನಿಷ್ಠ 3 ಶಿಫ್ಟ್, ತಿಂಗಳಿಗೆ ಎರಡಾದರೂ ಭಾನುವಾರ. 24 ಗಂಟೆ ಮೊದಲೇ ತಿಳಿಸಿ ತಪ್ಪಿಸಿದರೆ 1 ಪಾಯಿಂಟ್, ಆಮೇಲೆ ತಿಳಿಸಿದರೆ 2, ಹೇಳದೆ ಕೇಳದೆ ತಪ್ಪಿಸಿದರೆ 3. ಐದು ನಿಮಿಷ ತಡವಾದರೂ ಅರ್ಧ ಪಾಯಿಂಟ್. ಒಂದು ಸೆಮಿಸ್ಟರ್‌ನಲ್ಲಿ 6 ತುಂಬಿದರೆ ಕೆಲಸ ಹೋಯಿತು.

ಗ್ರಂಥಾಲಯದ ಕೌಂಟರ್ ಕೆಲಸಕ್ಕೆ ಇಷ್ಟು ಬಿಗಿ ಕಾಣಲ್ಲ. ಇಲ್ಲಿ ಮಾತ್ರ ಯಾಕೆ? ಮುಂಚೆಯೇ ಹೇಳಿದರೂ ಪಾಯಿಂಟ್ ಬೀಳೋದು ನ್ಯಾಯವಾ?

ಸಂಜೆಪಾಳಿ:
ಕಾರಣ ಒಂದೇ: ಇಲ್ಲಿ ತಪ್ಪಿಹೋದ ಗಂಟೆಯನ್ನು ಮಾರನೇ ದಿನ ತುಂಬಲು ಆಗುವುದಿಲ್ಲ. ಗ್ರಂಥಾಲಯದಲ್ಲಿ ಇಂದು ಜೋಡಿಸದ ಪುಸ್ತಕವನ್ನು ನಾಳೆ ಬೆಳಿಗ್ಗೆ ಜೋಡಿಸಬಹುದು. ದೇಣಿಗೆ ಕೇಳುವ ಕರೆಯನ್ನು ಮಾತ್ರ ಜನ ಮನೆಗೆ ಬಂದು, ಇನ್ನೂ ಮಲಗದೆ ಇರುವ ಆ ಮೂರು ಗಂಟೆಯಲ್ಲೇ ಮಾಡಬೇಕು.

ಲೆಕ್ಕ ನೋಡಿ. 20 ಕುರ್ಚಿಗಳ ಕೊಠಡಿ, ಒಬ್ಬ ಕಾಲರ್, ಅಂದರೆ ಕರೆ ಮಾಡುವ ವಿದ್ಯಾರ್ಥಿ, ಗಂಟೆಗೆ 25 ನಂಬರ್ ಹಚ್ಚುತ್ತಾನೆ ಅಂತ ಇಟ್ಟುಕೊಳ್ಳೋಣ. ಮೂರು ಗಂಟೆಗೆ ತಲಾ 75, ಒಟ್ಟು 1500. ನಾಲ್ವರು ಬಾರದಿದ್ದರೆ 300 ನಂಬರ್ ಹಾಗೇ ಉಳಿಯುತ್ತವೆ. ನಾಳೆಗೆ ತಳ್ಳೋಣ ಅಂದರೆ ನಾಳೆಯ 1500 ಮೊದಲೇ ಕಾಯುತ್ತಿರುತ್ತವೆ. ಶರತ್ಕಾಲದ ಸೆಮಿಸ್ಟರ್‌ನಲ್ಲಿ ಹೊಸಬರ ತರಬೇತಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ, ಕೊನೆಯ ಪರೀಕ್ಷೆಗಳ ವಾರ ಎಲ್ಲ ಕಳೆದರೆ ಕರೆ ಮಾಡಲು ಉಳಿಯುವುದು ಹತ್ತು ಹನ್ನೊಂದು ವಾರ. ವಾರಕ್ಕೆ ಐದು ಸಂಜೆಯಂತೆ 50-55 ಸಂಜೆಗಳಲ್ಲಿ ಇಡೀ ಪಟ್ಟಿ ಮುಗಿಯಬೇಕು.

ಗಡಿಯಾರದ ತೊಂದರೆಯೂ ಇದೆ. ಟೆಲಿಮಾರ್ಕೆಟಿಂಗ್‌ಗೆ ಕೇಂದ್ರ ಸರ್ಕಾರದ ನಿಯಮ ಹೇಳುವುದು ಕರೆ ಸ್ವೀಕರಿಸುವವರ ಊರಿನ ಸಮಯ ಬೆಳಿಗ್ಗೆ 8ರಿಂದ ರಾತ್ರಿ 9. ಲಾಭರಹಿತ ಸಂಸ್ಥೆಗಳಿಗೆ ಇದರಲ್ಲಿ ದೊಡ್ಡ ಮಟ್ಟಿನ ವಿನಾಯಿತಿ ಇದೆ, ಆದರೂ ರಾತ್ರಿ 9ರ ಗೆರೆ ದಾಟಿ ಹಳೇ ವಿದ್ಯಾರ್ಥಿಯನ್ನು ಎಬ್ಬಿಸಿದರೆ ದೇಣಿಗೆ ಹೋಗಲಿ, ಮುಂದೆ ಕರೆಯಲೇಬೇಡಿ ಅನ್ನುವ ಗುರುತೇ ಆ ಹೆಸರಿನ ಮುಂದೆ ಬೀಳುತ್ತದೆ. ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯ ಪೂರ್ವದ ರಾಜ್ಯಗಳಿಗೆ ಕರೆ ಮಾಡುತ್ತಿದ್ದರೆ ಅಲ್ಲಿನ 9 ಗಂಟೆ ಅಂದರೆ ಇಲ್ಲಿನ 6. ಹೀಗಾಗಿ ಅಂಥ ಕಡೆ ಶಿಫ್ಟ್ 4ಕ್ಕೇ ಶುರು. ಮುಕ್ಕಾಲು ಗಂಟೆ ತಡವಾಗಿ ಬಂದವರು ಪೂರ್ವದ ಪಟ್ಟಿಗೆ ಸಿಗುವ ಎರಡು ಗಂಟೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದಿರುತ್ತಾರೆ. ಪೂರ್ವದಲ್ಲಿರುವ ಕೇಂದ್ರಕ್ಕೆ ಇದು ತಿರುವುಮುರುವು: ಇಲ್ಲಿ ರಾತ್ರಿ 9 ಆದಾಗ ಕ್ಯಾಲಿಫೋರ್ನಿಯಾದವರು ಆಗಷ್ಟೇ ಕೆಲಸ ಮುಗಿಸಿರುತ್ತಾರೆ. ಆ ಪಟ್ಟಿಗೆ ಬೇರೆ ತಡರಾತ್ರಿ ಶಿಫ್ಟ್ ಇಡುತ್ತಾರೆ, ಅದಕ್ಕೆ ಒಪ್ಪುವವರು ಕಡಿಮೆ, ಒಬ್ಬರು ತಪ್ಪಿಸಿದರೂ ಹೊಡೆತ ಜೋರು.

ಭಾನುವಾರಕ್ಕೆ ಒತ್ತು ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಆ ದಿನ ಜನ ಮನೆಯಲ್ಲಿ ಸಿಗುತ್ತಾರೆ, ಕಾಲರ್‌ಗಳೇ ಸಿಗುವುದಿಲ್ಲ.

ರೋಸ್ಟರ್_ಹಾಳೆ:
ಪಾಯಿಂಟ್ ವಿಷಯಕ್ಕೆ ಬರ್ತೀನಿ. ಮುಂಚೆ ಹೇಳಿದರೂ 1 ಪಾಯಿಂಟ್ ಅನ್ನೋದು ಕೇಳೋಕೆ ಒರಟು, ಆದರೆ ನಿಮ್ಮ ಪತ್ರದ ಮುಂದಿನ ಸಾಲು ಓದಿ. ಸಾಮಾನ್ಯವಾಗಿ ಎರಡು ದಾರಿ ಬಿಟ್ಟಿರ್ತಾರೆ: ಬದಲಿ ಕಾಲರ್ ಹುಡುಕಿದರೆ 0, ಅದೇ ವಾರದಲ್ಲಿ ಬೇರೆ ಶಿಫ್ಟ್ ಮಾಡಿ ಸರಿದೂಗಿಸಿದರೂ 0. ಎರಡೂ ಮಾಡದೆ ಬರೀ ತಿಳಿಸಿ ಕೂತರೆ ಮಾತ್ರ 1. ಹಾಗೆ ನೋಡಿದರೆ ನ್ಯಾಯವೇ.

ಬೇರೆ ಬೇರೆ ಕಡೆ ಅಂಕಿ ಬೇರೆ. 4 ಪಾಯಿಂಟ್‌ಗೇ ತೆಗೆಯುವವರೂ ಇದ್ದಾರೆ, ಮೊದಲು ಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ ಕೊಟ್ಟು 8ರವರೆಗೆ ಬಿಡುವವರೂ ಇದ್ದಾರೆ. ಎಲ್ಲ ಕಡೆ ಒಂದೇ ಇರೋದು ಹೇಳದೆ ತಪ್ಪಿಸೋದರ ಶಿಕ್ಷೆ. ಎರಡು ಸಲ ಆದರೆ ಬಹುತೇಕ ಎಲ್ಲೂ ಉಳಿಸಿಕೊಳ್ಳಲ್ಲ.

ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಮೂರು. ಪಾಯಿಂಟ್ ಸೆಮಿಸ್ಟರ್ ಮುಗಿದಾಗ ಸೊನ್ನೆಗೆ ಬರುತ್ತಾ, ಅಥವಾ ವರ್ಷಪೂರ್ತಿ ಕೂಡಿಕೊಳ್ಳುತ್ತಾ? ತಪ್ಪದೆ ಬಂದರೆ ಹಳೇ ಪಾಯಿಂಟ್ ಇಳಿಯುತ್ತಾ? ತಿಳಿಸಬೇಕಾದ್ದು ಯಾರಿಗೆ, ಯಾವ ದಾರಿಯಲ್ಲಿ? ಮೂರನೇದರಲ್ಲೇ ಹೆಚ್ಚು ಜನ ಎಡವೋದು. ಪಕ್ಕದ ಕುರ್ಚಿ ಗೆಳೆಯನಿಗೆ ವಾಟ್ಸಾಪ್ ಮಾಡಿ "ಹೇಳಿಬಿಡು" ಅಂದರೆ ಅದು ತಿಳಿಸಿದ ಲೆಕ್ಕ ಅಲ್ಲ. ಮೇಲ್ವಿಚಾರಕರ ಫೋನ್, ಇಲ್ಲಾ ಶಿಫ್ಟ್ ಹಾಕುವ ಆ್ಯಪ್, ಇಲ್ಲಾ ಕಾಲ್ ಸೆಂಟರ್‌ನ ಇಮೇಲ್. ಪತ್ರದಲ್ಲಿ ಯಾವುದು ಬರೆದಿದೆಯೋ ಅದೇ.

ಕಡಲಾಚೆ:
ಥ್ಯಾಂಕ್ಸ್, ಈಗ ಅರ್ಥ ಆಯಿತು. ಎರಡು ಸಂದೇಹ. ಲ್ಯಾಬ್ ಬಿಡೋದು 5:50ಕ್ಕೆ, ಕಟ್ಟಡ ಕ್ಯಾಂಪಸ್‌ನ ಆ ತುದಿ. 6:05ಕ್ಕೆ ತಲುಪಿದರೆ ನಡೆಯುತ್ತಾ? ಇನ್ನೊಂದು, ಸಂಜೆ ಪರೀಕ್ಷೆ ಬಂದರೆ?

ಸಂಜೆಪಾಳಿ:
6:05 ನಡೆಯುವುದಿಲ್ಲ. 6 ಗಂಟೆ ಅಂದರೆ ಮೊದಲ ಕರೆ ಹೋಗುವ ಹೊತ್ತು, ಬಾಗಿಲು ತೆರೆಯುವ ಹೊತ್ತಲ್ಲ. ಹೆಚ್ಚಿನ ಕಡೆ 5:45ಕ್ಕೆ ಕೊಠಡಿಯಲ್ಲಿರಬೇಕು. ಆ ಕಾಲು ಗಂಟೆಯಲ್ಲಿ ಏನಾಗುತ್ತದೆ ಅಂದರೆ: ಹೆಸರು ಗುರುತಿಸಿ ಸಮಯ ದಾಖಲಿಸುತ್ತೀರಿ. ಫೋನ್ ಬ್ಯಾಗಿಗೆ ಸೇರುತ್ತದೆ. ಹೆಡ್‌ಸೆಟ್ ಒರೆಸಿ ಹಾಕಿಕೊಂಡು, ಮೈಕ್ ತುಟಿಯ ಮುಂದೆ ಬಾರದೆ ಬಾಯಿಯ ಮೂಲೆಗೆ ಎರಡು ಬೆರಳಿನಷ್ಟು ದೂರ ಇರುವಂತೆ ಬಗ್ಗಿಸುತ್ತೀರಿ, ಇಲ್ಲದಿದ್ದರೆ ಆ ಕಡೆಯವರಿಗೆ ಬರೀ ಉಸಿರು ಕೇಳುತ್ತದೆ. ಸಾಫ್ಟ್‌ವೇರ್‌ಗೆ ಲಾಗಿನ್ ಆಗಿ ಅಂದಿನ ಪಟ್ಟಿ ಯಾವುದು ನೋಡುತ್ತೀರಿ: ಕಳೆದ ವರ್ಷ ಕೊಟ್ಟವರೋ, ಹಿಂದೆಂದೋ ಕೊಟ್ಟು ನಿಲ್ಲಿಸಿದವರೋ, ಇದುವರೆಗೆ ಕೊಡದವರೋ. ಮೂವರಿಗೂ ಮಾತು ಬೇರೆ, ಕೇಳುವ ಮೊತ್ತ ಬೇರೆ. ಆಮೇಲೆ ಹತ್ತು ನಿಮಿಷದ ಸಭೆ. ಇಂಜಿನಿಯರಿಂಗ್ ಕಾಲೇಜಿಗೆ ಯಾರೋ ದಾನಿ ಸಮದೇಣಿಗೆ (ಬೇರೆಯವರು ಕೊಟ್ಟಷ್ಟೇ ತಾವೂ ಕೊಡುವುದು) ಘೋಷಿಸಿದ್ದಾರೆ, ಪಾವತಿ ಪುಟ ಇವತ್ತು ಕೈಕೊಟ್ಟಿದೆ, ಫುಟ್‌ಬಾಲ್ ತಂಡ ನಿನ್ನೆ ಸೋತಿದೆ: ಇವೆಲ್ಲ ಅಲ್ಲೇ ತಿಳಿಯುವುದು. ಇದನ್ನು ತಪ್ಪಿಸಿಕೊಂಡವರು 6:05ಕ್ಕೆ ಕೂತು ಕೆಟ್ಟ ಪಾವತಿ ಪುಟದ ಲಿಂಕನ್ನೇ ಕಳಿಸುತ್ತಾರೆ.

ಆಟೋಡಯಲರ್ ಇರುವ ಕಡೆ ಇನ್ನೊಂದು ತೊಡಕು. ಎಷ್ಟು ಕಾಲರ್‌ಗಳು ಲಾಗಿನ್ ಆಗಿದ್ದಾರೆ ನೋಡಿಕೊಂಡು ಯಂತ್ರ ಒಟ್ಟೊಟ್ಟಿಗೆ ನಂಬರ್ ಹಚ್ಚುತ್ತದೆ. ನಡುವೆ ಯಾರಾದರೂ ಹೇಳದೆ ಎದ್ದು ಹೋದರೆ ಎತ್ತಿದವರಿಗೆ ಮಾತಾಡಲು ಕಾಲರ್ ಇರುವುದಿಲ್ಲ, ಅವರು ಮೌನ ಕೇಳಿ ಇಟ್ಟುಬಿಡುತ್ತಾರೆ. ಬೇಗ ಹೊರಡುವುದಕ್ಕೂ ಪಾಯಿಂಟ್ ಇರುವುದು ಇದಕ್ಕೇ.

ಲ್ಯಾಬ್ ಇರುವ ದಿನ ಶಿಫ್ಟ್ ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳಲೇಬೇಕಿದ್ದರೆ ಆ ದಿನ 6:30ಕ್ಕೆ ಶುರು ಅಂತ ಮೊದಲೇ ಬರೆಸಿಕೊಳ್ಳಿ. ಬರೆಸಿಕೊಂಡ 6:30 ತಡವಲ್ಲ, ಬರೆಸದ 6:05 ತಡ.

ಪರೀಕ್ಷೆ ಬಗ್ಗೆ: ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಗಣಿತ, ರಸಾಯನಶಾಸ್ತ್ರದ ನಡು ಸೆಮಿಸ್ಟರ್ ಪರೀಕ್ಷೆ ಸಂಜೆಯೇ ಇರುತ್ತದೆ. ದಿನಾಂಕ ಮೊದಲ ವಾರದಲ್ಲೇ ಸಿಲಬಸ್‌ನಲ್ಲಿ ಬಂದಿರುತ್ತದೆ. ಆ ವಾರವೇ ಎಲ್ಲ ದಿನಾಂಕ ಒಟ್ಟಿಗೆ ಕೊಟ್ಟರೆ ಅದು ಗೈರಲ್ಲ, ಆ ದಿನ ನಿಮಗೆ ಶಿಫ್ಟೇ ಇಲ್ಲ. ಹಿಂದಿನ ರಾತ್ರಿ ಹೇಳಿದರೆ ಅದೇ ಪರೀಕ್ಷೆ 2 ಪಾಯಿಂಟ್ ಆಗುತ್ತದೆ. "ಓದಬೇಕು" ಅನ್ನುವುದನ್ನು ಯಾರೂ ಕಾರಣವಾಗಿ ಒಪ್ಪುವುದಿಲ್ಲ, ಪರೀಕ್ಷೆಯನ್ನು ಮಾತ್ರ ಒಪ್ಪುತ್ತಾರೆ.

ವೀಸಾ_ಓದುಗ:
ಕಡಲಾಚೆ ಅವರೇ, ನೀವು ಎಫ್-1 ವೀಸಾದವರಾದರೆ (ವಿದೇಶಿ ವಿದ್ಯಾರ್ಥಿಗಳ ವೀಸಾ) ಇದನ್ನು ಗಮನವಿಟ್ಟು ಓದಿ. ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ, ಅದೂ ಎಲ್ಲ ಕೆಲಸ ಸೇರಿ. ಬೋಧನಾ ಸಹಾಯಕರಾಗಿ 20 ಗಂಟೆಯ ನೇಮಕ ಇರುವ ಸ್ನಾತಕೋತ್ತರ ವಿದ್ಯಾರ್ಥಿಗೆ ಕಾಲ್ ಸೆಂಟರ್‌ನ ಒಂದು ಶಿಫ್ಟಿಗೂ ಜಾಗ ಇಲ್ಲ. 10 ಗಂಟೆಯ ನೇಮಕ ಇದ್ದರೆ 3 ಗಂಟೆಯ ಮೂರು ಶಿಫ್ಟ್ ಸೇರಿ 19, ಜೊತೆಗೆ ಪ್ರತಿ ಶಿಫ್ಟಿಗೆ ಮುಂಚಿನ ಕಾಲು ಗಂಟೆ ಸೇರಿಸಿದರೆ 19:45. ಉಳಿಯೋದು ಬರೀ 15 ನಿಮಿಷ.

ಇಲ್ಲೇ ಅಪಾಯ. ಹೋದ ವಾರ ತಪ್ಪಿದ ಶಿಫ್ಟನ್ನು ಈ ವಾರ ಸೇರಿಸಿ ಮಾಡಿ ಅಂತ ಮೇಲ್ವಿಚಾರಕರು ಒಳ್ಳೇ ಮನಸ್ಸಿಂದಲೇ ಹೇಳ್ತಾರೆ. ಸ್ಥಳೀಯ ವಿದ್ಯಾರ್ಥಿಗೆ ಅದು ಪಾಯಿಂಟ್ ಉಳಿಸೋ ದಾರಿ, ನಿಮಗೆ ವೀಸಾ ಸ್ಥಿತಿಯನ್ನೇ ಕೆಡಿಸೋ ದಾರಿ. ಎರಡು ವಾರ ಸೇರಿಸಿ ಸರಾಸರಿ 20 ಅನ್ನೋ ಲೆಕ್ಕ ಇಲ್ಲ, ಪ್ರತಿ ವಾರವೂ 20ರೊಳಗೇ ಇರಬೇಕು. ಪಾಯಿಂಟ್ ಬಿದ್ದರೂ ಪರವಾಗಿಲ್ಲ, ಮೀರಬೇಡಿ. ರಜೆ ದಿನಗಳಲ್ಲಿ, ಮುಂದಿನ ಸೆಮಿಸ್ಟರ್‌ಗೆ ನೋಂದಣಿ ಆಗುವವರಿಗೆ, ಪೂರ್ಣಾವಧಿ ಕೆಲಸ ಮಾಡಬಹುದು.

ಇನ್ನೊಂದು ಗಮನಿಸಿ: ಕೆಲವು ವಿಶ್ವವಿದ್ಯಾಲಯಗಳು ಕಾಲ್ ಸೆಂಟರ್ ನಡೆಸೋದನ್ನ ಹೊರಗಿನ ಕಂಪನಿಗೆ ಕೊಟ್ಟಿರ್ತವೆ. ಸಂಬಳ ಚೀಟಿ ವಿಶ್ವವಿದ್ಯಾಲಯದ್ದಾ, ಕಂಪನಿಯದ್ದಾ ಕೇಳಿ. ಕಂಪನಿಯದ್ದಾದರೆ ಅದು ಎಫ್-1 ಲೆಕ್ಕದಲ್ಲಿ ಕ್ಯಾಂಪಸ್ ಕೆಲಸವೇ ಅಂತ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಡಿಎಸ್ಓ (ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಅವರಿಂದ ಬರವಣಿಗೆಯಲ್ಲಿ ಪಡೆದುಕೊಂಡೇ ಸೇರಿ. ಜಾಹೀರಾತಿನಲ್ಲಿ "ವರ್ಕ್-ಸ್ಟಡಿ ಇದ್ದವರಿಗೆ ಮಾತ್ರ" ಅಂದಿದ್ದರೆ ಅರ್ಜಿ ಹಾಕೋದೇ ಬೇಡ, ಅದು ಓದಿನ ಖರ್ಚಿಗೆ ಕೆಲಸದ ಮೂಲಕ ಕೊಡುವ ಕೇಂದ್ರ ಸರ್ಕಾರದ ನೆರವು, ಎಫ್-1 ವಿದ್ಯಾರ್ಥಿಗಳಿಗೆ ಇಲ್ಲ.

ರೋಸ್ಟರ್_ಹಾಳೆ:
ವರ್ಕ್-ಸ್ಟಡಿಯಲ್ಲಿ ಇರುವವರಿಗೂ ಒಂದು ಮಾತು. ತರಗತಿ ಇರುವ ಹೊತ್ತಲ್ಲಿ ವರ್ಕ್-ಸ್ಟಡಿ ಗಂಟೆ ದಾಖಲಿಸೋ ಹಾಗಿಲ್ಲ. ತರಗತಿ ರದ್ದಾದರೆ ಮಾಡಬಹುದು, ಆದರೆ ರದ್ದಾಗಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಮಂಜೂರಾದ ಮೊತ್ತವನ್ನು ಗಂಟೆಯ ಸಂಬಳದಿಂದ ಭಾಗಿಸಿ ನೋಡಿ: 2,000 ಡಾಲರ್ ಮಂಜೂರಾಗಿ ಗಂಟೆಗೆ 12.50 ಇದ್ದರೆ ವರ್ಷಕ್ಕೆ 160 ಗಂಟೆ. ವಾರಕ್ಕೆ 9 ಗಂಟೆಯಂತೆ 18 ವಾರಕ್ಕೂ ಬರಲ್ಲ. ಆಮೇಲೆ ವಿಭಾಗ ತನ್ನ ಬಜೆಟ್‌ನಿಂದ ಕೊಡುತ್ತಾ, ಅಥವಾ ಶಿಫ್ಟ್ ನಿಲ್ಲಿಸುತ್ತಾ ಅಂತ ಮೊದಲೇ ಕೇಳಿ.

ಸಂಬಳಚೀಟಿ:
ಸಂಜೆಪಾಳಿ ಅವರು ಹೇಳಿದ 5:45ರ ಬಗ್ಗೆ ಒಂದು ಸೇರ್ಪಡೆ. ಕಡ್ಡಾಯ ಸಭೆ ಅಂದರೆ ಅದು ಕೆಲಸದ ಸಮಯ, 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯ ಪ್ರಕಾರ ಅದಕ್ಕೂ ಸಂಬಳ ಕೊಡಬೇಕು. ಕಡ್ಡಾಯ ತರಬೇತಿಗೂ ಹಾಗೇ. ಶಿಫ್ಟ್ ನಡುವಿನ 10-15 ನಿಮಿಷದ ವಿರಾಮ ಕೊಟ್ಟರೆ ಅದನ್ನೂ ಕೆಲಸದ ಗಂಟೆಯಲ್ಲೇ ಎಣಿಸಬೇಕು. 20 ನಿಮಿಷದವರೆಗಿನ ವಿರಾಮಕ್ಕೆ ಸಂಬಳ ಹಿಡಿಯುವಂತಿಲ್ಲ.

ತಡವಾಗಿ ಬಂದವರಿಗೆ ಪಾಯಿಂಟ್ ಹಾಕಬಹುದು, ಶಿಫ್ಟ್ ಕಡಿಮೆ ಮಾಡಬಹುದು, ತೆಗೆದೂ ಹಾಕಬಹುದು. ಮಾಡಿದ ಕೆಲಸದ ನಿಮಿಷ ಕತ್ತರಿಸುವಂತಿಲ್ಲ. ಕೆಲವು ಕಡೆ ಸಮಯವನ್ನು ಹತ್ತಿರದ ಕಾಲು ಗಂಟೆಗೆ ಸರಿಹೊಂದಿಸ್ತಾರೆ: 7 ನಿಮಿಷದವರೆಗೆ ಹಿಂದಕ್ಕೆ, 8ರಿಂದ ಮುಂದಕ್ಕೆ. ಅದು ಎರಡೂ ಕಡೆ ಸಮನಾಗಿ ನಡೆಯಬೇಕು, ಯಾವಾಗಲೂ ಕಾಲರ್‌ಗೇ ನಷ್ಟ ಆಗೋ ಹಾಗಲ್ಲ. ನೀವೂ ದಿನದಿನದ ಬಂದ, ಹೊರಟ ಸಮಯ ಬರೆದಿಟ್ಟುಕೊಳ್ಳಿ. ಸಂಬಳದ ಅವಧಿ ಮುಗಿದ ಎರಡೇ ದಿನದಲ್ಲಿ ಟೈಮ್‌ಶೀಟ್ ಮುಚ್ಚೋ ಕಡೆಗಳಿವೆ.

ಧ್ವನಿಪೆಟ್ಟಿಗೆ:
ಹುಷಾರಿಲ್ಲದಿದ್ದಾಗ ವೈದ್ಯರ ಚೀಟಿ ಕೇಳುವ ಪದ್ಧತಿ ಬಗ್ಗೆ ಯಾರೂ ಬರೆದಿಲ್ಲ. ಅದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ನೆಗಡಿಗೆ ಚೀಟಿ ತರೋಕೆ ಹೋದರೆ ಕ್ಲಿನಿಕ್‌ನಲ್ಲಿ ಅರ್ಧ ದಿನ ಹೋಗುತ್ತೆ, ಚೀಟಿ ಇಲ್ಲ ಅಂತ ಹುಡುಗರು ಗಂಟಲು ಕಟ್ಟಿಕೊಂಡೇ ಬರ್ತಾರೆ. ಒಂದೇ ಹೆಡ್‌ಸೆಟ್ ವಾರದಲ್ಲಿ ಮೂರ್ನಾಲ್ಕು ಜನ ಹಾಕೋ ಕೊಠಡಿ ಅದು.

ಸಂಜೆಪಾಳಿ:
ಒಂದು ದಿನದ ನೆಗಡಿಗೆ ಚೀಟಿ ಕೇಳಬಾರದು, ಅದು ನಿಜ. ಸತತ ಮೂರು ಶಿಫ್ಟ್ ತಪ್ಪಿದರೆ, ಅಥವಾ ಪ್ರತಿ ಭಾನುವಾರವೇ ಜ್ವರ ಬಂದರೆ ಕೇಳುವುದು ಬೇಕಾಗುತ್ತದೆ. ಇಲ್ಲದಿದ್ದರೆ ತಪ್ಪದೆ ಬರುವವರಿಗೆ ಅನ್ಯಾಯ.

ಧ್ವನಿಪೆಟ್ಟಿಗೆ:
ಅಷ್ಟಾದರೆ ಒಪ್ಪಿಗೆ. ಆದರೆ ಧ್ವನಿ ಹೋದವರಿಗೆ ಇನ್ನೊಂದು ದಾರಿಯನ್ನೂ ಪತ್ರದಲ್ಲೇ ಬರೆದಿಡಬೇಕು. ಜ್ವರ ಇಲ್ಲ, ಗಂಟಲು ಮಾತ್ರ ಕಟ್ಟಿದೆ ಅಂದರೆ ಕರೆ ಬಿಟ್ಟು ಬೇರೆ ಕೆಲಸ ಕೊಡಬಹುದು: ಧನ್ಯವಾದ ಪತ್ರಕ್ಕೆ ಕೈಬರಹ, ವಾಪಸ್ ಬಂದ ವಿಳಾಸಗಳ ತಿದ್ದುಪಡಿ, ಕೊಡ್ತೀವಿ ಅಂದು ಇನ್ನೂ ಕಳಿಸದವರಿಗೆ ನೆನಪಿನ ಇಮೇಲ್. ಇಂಥ ಕೆಲಸ ಕೊಠಡಿಯಲ್ಲಿ ಯಾವಾಗಲೂ ಬಾಕಿ ಬಿದ್ದಿರುತ್ತೆ. ಫೋನ್ ಮಾಡುವಾಗ "ಬರಲ್ಲ" ಅನ್ನೋ ಬದಲು "ಮಾತಾಡೋಕೆ ಆಗಲ್ಲ, ಬರವಣಿಗೆ ಕೆಲಸ ಇದೆಯಾ" ಅಂತ ಕೇಳಿ. ಗಂಟೆ ಉಳಿಯುತ್ತೆ, ಪಾಯಿಂಟೂ ಉಳಿಯುತ್ತೆ.

ಕಡಲಾಚೆ:
ಬದಲಿ ಹುಡುಕೋದು ಹೇಗೆ ಮಾಡಬೇಕು? ಗುಂಪಿನಲ್ಲಿ ಕೇಳಿದರೆ ಸಾಕಾ?

ರೋಸ್ಟರ್_ಹಾಳೆ:
ಗುಂಪಿನಲ್ಲಿ ಕೇಳೋದು ಮೊದಲ ಹೆಜ್ಜೆ ಅಷ್ಟೇ. ಸಂದೇಶದಲ್ಲಿ ನಾಲ್ಕು ವಿಷಯ ಇರಲಿ: ದಿನಾಂಕ, ಸಮಯ, ನಿಮ್ಮ ತಂಡ ಯಾವುದು, ಬದಲಿಗೆ ನೀವು ಯಾವ ಶಿಫ್ಟ್ ತಗೊಳ್ತೀರಿ. "ನಾಳೆ ಯಾರಾದ್ರೂ ಬರ್ತೀರಾ" ಅಂದರೆ ಯಾರೂ ಉತ್ತರಿಸಲ್ಲ. "ಮಂಗಳವಾರ 14, 6ರಿಂದ 9, ಕಾನೂನು ಕಾಲೇಜಿನ ಪಟ್ಟಿ. ಬದಲಿಗೆ ನಿಮ್ಮ ಭಾನುವಾರ ನಾನು ಮಾಡ್ತೀನಿ" ಅಂದರೆ ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ಸಿಗ್ತಾರೆ.

ಸಿಕ್ಕ ಮೇಲೆ ಇಬ್ಬರೂ ಮೇಲ್ವಿಚಾರಕರಿಗೆ ಬೇರೆ ಬೇರೆಯಾಗಿ ಬರೆಯಬೇಕು, ಅವರು ಒಪ್ಪಿ ಶಿಫ್ಟ್ ಹಾಳೆಯಲ್ಲಿ ಹೆಸರು ಬದಲಿಸಬೇಕು. ಹೆಸರು ಬದಲಾಗೋವರೆಗೆ ಶಿಫ್ಟ್ ನಿಮ್ಮದೇ. ಬರ್ತೀನಿ ಅಂದವರು ಬರದೆ ಹೋದರೆ, ಹಾಳೆಯಲ್ಲಿ ನಿಮ್ಮ ಹೆಸರಿದ್ದರೆ 3 ಪಾಯಿಂಟ್ ನಿಮಗೆ, ಅವರ ಹೆಸರಿದ್ದರೆ ಅವರಿಗೆ.

ಬದಲಿ ಕೊಟ್ಟರೂ ತಿರಸ್ಕಾರ ಆಗೋ ಸಂದರ್ಭಗಳಿವೆ. ತರಬೇತಿ ಮುಗಿಸದ ಹೊಸಬರನ್ನು ಅನುಭವಿಗಳ ಜಾಗಕ್ಕೆ ಕಳಿಸಿದರೆ ಒಪ್ಪಲ್ಲ, ದೊಡ್ಡ ಮೊತ್ತ ಕೊಡುವವರ ಪಟ್ಟಿ ಹೊಸಬರಿಗೆ ಕೊಡಲ್ಲ. ವಾರದ ಮಿತಿ ಮುಟ್ಟಿದವರೂ ಆಗಲ್ಲ, ಮೇಲೆ ವೀಸಾ_ಓದುಗ ಅವರು ಹೇಳಿದ ಕಾರಣಕ್ಕೇ.

ಸಂಜೆಪಾಳಿ:
ಬದಲಿಯನ್ನೂ ಒಪ್ಪದ ದಿನಗಳಿವೆ, ಅವನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತಿಸಿಕೊಳ್ಳಿ. ಥ್ಯಾಂಕ್ಸ್‌ಗಿವಿಂಗ್ ನಂತರದ ಮಂಗಳವಾರ ಬರುವ ದಾನದ ದಿನ ಗಿವಿಂಗ್ ಟ್ಯೂಸ್‌ಡೇ, 2012ರಿಂದ ನಡೆಯುತ್ತಿದೆ. ವಿಶ್ವವಿದ್ಯಾಲಯದ ಸ್ವಂತ ದೇಣಿಗೆ ದಿನ, ಸಾಮಾನ್ಯವಾಗಿ ವಸಂತ ಸೆಮಿಸ್ಟರ್‌ನಲ್ಲಿ. ಡಿಸೆಂಬರ್‌ನಲ್ಲಿ ರಜೆಗೆ ಮುಂಚಿನ ಕೊನೆಯ ವಾರ, ಏಕೆಂದರೆ ಆ ವರ್ಷದ ತೆರಿಗೆ ವಿನಾಯಿತಿಗೆ ಡಿಸೆಂಬರ್ 31ರೊಳಗೆ ಕೊಡಬೇಕು. ಬೇಸಿಗೆಯಲ್ಲೂ ಕರೆ ಮಾಡುವ ಕಡೆ ಜೂನ್ ಕೊನೆ, ಬಹಳಷ್ಟು ವಿಶ್ವವಿದ್ಯಾಲಯಗಳ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಈ ದಿನಗಳಲ್ಲಿ ಗೈರಾದರೆ ಪಾಯಿಂಟ್ ಎರಡರಷ್ಟು ಅನ್ನುವ ಸಾಲು ಬಹಳ ಪತ್ರಗಳಲ್ಲಿ ಇರುತ್ತದೆ. ಊರಿಗೆ ವಿಮಾನ ಟಿಕೆಟ್ ಕಾದಿರಿಸುವ ಮುಂಚೆ ಈ ಪಟ್ಟಿ ನೋಡಿ.

ಭಾನುವಾರ_ಬಿಡುವು:
ಧಾರ್ಮಿಕ ಕಾರಣಕ್ಕೆ ಭಾನುವಾರ ಬರಲು ಆಗದವರು ಏನು ಮಾಡಬೇಕು? ಪಾಯಿಂಟ್ ಕೊಡ್ತಾ ಹೋಗ್ತಾರಾ?

ಸಂಬಳಚೀಟಿ:
ಹಾಗೆ ಮಾಡುವಂತಿಲ್ಲ. 15 ಮತ್ತು ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯದಡಿ ಧಾರ್ಮಿಕ ಆಚರಣೆಗೆ ಹೊಂದಾಣಿಕೆ ಮಾಡಿಕೊಡಬೇಕು. 2023ರಲ್ಲಿ ಗ್ರಾಫ್ ವಿರುದ್ಧ ಡಿಜಾಯ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿತು. ಅದು ಭಾನುವಾರ ಕೆಲಸ ಮಾಡಲೊಪ್ಪದ ಅಂಚೆ ನೌಕರನದೇ ಪ್ರಕರಣ. ಹೊಂದಾಣಿಕೆ ಕೊಡಲ್ಲ ಅನ್ನೋಕೆ ಸಂಸ್ಥೆಗೆ ಗಣನೀಯ ಹೊರೆ ಬೀಳುತ್ತೆ ಅಂತ ತೋರಿಸಬೇಕು, ಸಣ್ಣ ಅನನುಕೂಲ ಸಾಲದು.

ಆದರೆ ಕೇಳಬೇಕಾದ್ದು ನೀವೇ, ಸೇರುವಾಗಲೇ, ಬರವಣಿಗೆಯಲ್ಲಿ. "ಭಾನುವಾರ ಆಗಲ್ಲ, ಬದಲಿಗೆ ಗುರುವಾರ ಖಾಯಂ ಬರ್ತೀನಿ" ಅಂತ ಪರ್ಯಾಯ ಕೊಟ್ಟರೆ ಬೇಗ ಇತ್ಯರ್ಥ. ಆರೋಗ್ಯ ಸಮಸ್ಯೆಗೆ, ಅಂಗವೈಕಲ್ಯಕ್ಕೆ ಹೊಂದಾಣಿಕೆ ಬೇಕಿದ್ದರೆ ತರಗತಿಗೆ ಪಡೆದ ಪತ್ರ ಕೆಲಸಕ್ಕೆ ತಾನಾಗಿ ಅನ್ವಯಿಸಲ್ಲ. ಉದ್ಯೋಗಿಯಾಗಿ ಮಾನವ ಸಂಪನ್ಮೂಲ ಕಚೇರಿಗೆ ಬೇರೆ ಅರ್ಜಿ ಹಾಕಬೇಕಾಗುತ್ತೆ.

ಕಡಲಾಚೆ:
ಕೊನೇದಾಗಿ: ವಾರಕ್ಕೆ ಮೂರು ಅಂತ ಇದೆ, ಉತ್ಸಾಹದಲ್ಲಿ ಐದು ಬರೆದುಕೊಟ್ಟರೆ ಒಳ್ಳೆ ಹೆಸರು ಬರುತ್ತಾ?

ರೋಸ್ಟರ್_ಹಾಳೆ:
ಬರಲ್ಲ. ಐದು ಬರೆದು ಎರಡು ತಪ್ಪಿಸಿದವರಿಗಿಂತ ಮೂರು ಬರೆದು ಮೂರೂ ಬಂದವರನ್ನೇ ಮುಂದಿನ ವರ್ಷ ತಂಡದ ಮುಖ್ಯಸ್ಥರಾಗಿ ಮಾಡೋದು, ಶಿಫಾರಸು ಪತ್ರ ಸಿಗೋದೂ ಅವರಿಗೇ. ಮೂರೇ ಬರೆಯಿರಿ, ಲ್ಯಾಬ್ ಇರುವ ದಿನ ಬಿಟ್ಟು. ಹೆಚ್ಚಿಗೆ ಬೇಕು ಅನ್ನಿಸಿದ ವಾರ ಖಾಲಿ ಕುರ್ಚಿ ಯಾವುದಿದೆ ಅಂತ ಆ ಬೆಳಿಗ್ಗೆ ಕೇಳಿ. ಹಾಗೆ ತುಂಬಿದ ಶಿಫ್ಟಿಗೆ ಅರ್ಧ ಪಾಯಿಂಟ್ ಇಳಿಸೋ ಕೇಂದ್ರಗಳೂ ಇವೆ. ನಿಮ್ಮಲ್ಲಿ ಇದೆಯಾ ಕೇಳಿ ನೋಡಿ.